ಟರ್ಬೊ ಬದಲಿಸುವ ಮೊದಲು: ಹಳೇ ಲಾರಿಯ ಗಾಳಿ ಪೈಪಿನಲ್ಲಿ ಆಯಿಲ್ ಕಂಡರೆ

(ವೇದಿಕೆಯ ರಜಾದಿನದ ಮಾಹಿತಿ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ವಾರಕ್ಕೆ ಸಿಗುವುದು ಒಂದೇ ರಜೆ. ಬಟ್ಟೆ ಒಗೆಯುವುದು, ಸಾಮಾನು ತರುವುದು, ಮನೆಗೆ ವಿಡಿಯೋ ಕಾಲ್ ಮಾಡುವುದು, ಎಲ್ಲವನ್ನೂ ಬದಿಗಿಟ್ಟು ಬಂದಿದ್ದೀರಿ. ಹಾಗಾಗಿ ನೇರ ವಿಷಯಕ್ಕೆ ಬರ್ತೇನೆ.

ನಾನು ಮೆಕ್ಯಾನಿಕ್ ಅಲ್ಲ. ಪುತ್ತೂರು ಕಡೆಯವನು, ಬಿ.ಕಾಂ. ಓದಿದವನು, ಶಾರ್ಜಾದ ಒಂದು ಸಾಗಾಟ ಕಂಪೆನಿಯಲ್ಲಿ ಲೆಕ್ಕ ಬರೆಯುವವನು. ಯಾವ ನಟ್ಟಿಗೆ ಯಾವ ನಂಬರಿನ ಸ್ಪ್ಯಾನರ್ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಆದರೆ ಲಾರಿ ಕೆಟ್ಟಾಗ ಬಿಲ್ಲು ಬಂದು ಬೀಳುವುದು ನನ್ನ ಮೇಜಿನ ಮೇಲೆ. ಆ ಹಣ ಯಾರ ತಲೆಗೆ ಕಟ್ಟಬೇಕು ಅಂತ ಮೇಲಿನವರು ಹೇಳಿದ್ದನ್ನು ಕಂಪ್ಯೂಟರಿಗೆ ಹೊಡೆಯುವವನೂ ನಾನೇ. ಇವತ್ತು ಹೇಳುವುದು ಅಂಥ ಒಂದು ಬಿಲ್ಲಿನ ಕಥೆ. ಅದರಲ್ಲಿ ನನ್ನದೂ ಒಂದು ತಪ್ಪುಂಟು. ಅದನ್ನೂ ಹೇಳ್ತೇನೆ.

ಆದದ್ದು ಇಷ್ಟು

ನಮ್ಮಲ್ಲಿ 2009ರ ಮಾಡೆಲ್ಲಿನ ಒಂದು ಟಿಪ್ಪರ್ ಇತ್ತು. ಆರು ಸಿಲಿಂಡರ್, ಟರ್ಬೊ, ಇಂಟರ್‌ಕೂಲರ್ ಇರುವ ಡೀಸೆಲ್ ಎಂಜಿನ್. ರಾಸ್ ಅಲ್ ಖೈಮಾ ಕಡೆಯ ಕಲ್ಲಿನ ಕ್ರಷರಿನಿಂದ ಜಲ್ಲಿ ತುಂಬಿಕೊಂಡು ದುಬೈ ಸೈಟಿಗೆ ಓಡುವ ಗಾಡಿ. ಓಡಿಸುತ್ತಿದ್ದವರು ಹಾವೇರಿ ಕಡೆಯ ಒಬ್ಬರು ಅಣ್ಣ. ಇಪ್ಪತ್ತು ವರ್ಷದ ಸರ್ವಿಸ್ ಅವರದ್ದು.

ಗಾಡಿ ಆಯಿಲ್ ಕುಡಿಯಲು ಶುರು ಮಾಡಿತು. ಗ್ಯಾರೇಜಿಗೆ ಹಾಕಿದರು. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸ್ ಬಿಚ್ಚಿದಾಗ ಒಳಗೆ ಆಯಿಲ್ ನಿಂತಿತ್ತು. ‘ಟರ್ಬೊ ಹೋಗಿದೆ’ ಅಂದರು. ಹೊಸ ಟರ್ಬೊ, ಕೂಲಿ ಸೇರಿ 5,200 ದಿರ್ಹಂ. ಎರಡು ತಿಂಗಳು ಆಗುವುದರೊಳಗೆ ಅದೇ ಹೋಸಿನಲ್ಲಿ ಮತ್ತೆ ಆಯಿಲ್. ‘ಇದೂ ಹೋಗಿದೆ’ ಅಂತ ರಿಪೇರಿ ಮಾಡಿದ ಇನ್ನೊಂದು ಟರ್ಬೊ ಹಾಕಿದರು. 2,600 ದಿರ್ಹಂ. ಒಟ್ಟು 7,800.

ಒಂದೇ ಗಾಡಿಗೆ ಎರಡು ಟರ್ಬೊ ಅಂದಾಗ ಮ್ಯಾನೇಜರಿಗೆ ಸಿಟ್ಟು ಬಂತು. ಗ್ಯಾರೇಜಿನವರು ಹೇಳಿದ್ದು: ‘ಡ್ರೈವರ್ ಸರಿಯಿಲ್ಲ. ಲೋಡಿನಲ್ಲಿ ಬಂದು, ಎಂಜಿನ್ ಬಿಸಿಯಿರುವಾಗಲೇ ಆಫ್ ಮಾಡ್ತಾನೆ. ಟರ್ಬೊ ಸುಡ್ತದೆ.’ ಅರ್ಧ ಹಣ ಡ್ರೈವರಿಂದ ಹಿಡಿಯಬೇಕು ಅಂತ ತೀರ್ಮಾನ ಆಯಿತು. 3,900 ದಿರ್ಹಂ, ತಿಂಗಳಿಗೆ 650ರಂತೆ ಆರು ತಿಂಗಳು. ಅವರ ಸಂಬಳ 2,400.

ಮೊದಲ ತಿಂಗಳ 650 ಹಿಡಿದದ್ದು ನಾನೇ. ಹೇಳಿದರು, ಹೊಡೆದೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇದೇ ನನ್ನ ತಪ್ಪು.

ಸಂಬಳದ ದಿನ ಅವರು ಆಫೀಸಿಗೆ ಬಂದರು. ಜಗಳ ಮಾಡಲಿಲ್ಲ. “ಅಕೌಂಟ್ ಸರ, ನಾ ಗಾಡಿ ನಿಂದ್ರಿಸಿ ಮೂರು ಮಿನಿಟ್ ಬಿಟ್ಟ ಆಫ್ ಮಾಡ್ತೀನ್ರಿ. ಇಪ್ಪತ್ ವರ್ಷದಾಗ ಹಂಗ ಬಿಟ್ಟಿಲ್ಲ. ಬೇಕಾದ್ರ ಇದನ್ನ ನೋಡ್ರಿ,” ಅಂತ ಒಂದು ಸಣ್ಣ ಡೈರಿ ಮೇಜಿನ ಮೇಲೆ ಇಟ್ಟರು. ಯಾವ ತಾರೀಕು, ಎಷ್ಟು ಕಿಲೋಮೀಟರ್, ಎಷ್ಟು ಆಯಿಲ್ ಹಾಕಿದೆ ಎಂದು ಬಾಲ್‌ಪೆನ್ನಿನಲ್ಲಿ ಬರೆದಿತ್ತು.

ಎಂಜಿನ್ ನನಗೆ ತಿಳಿಯದಿದ್ದರೂ ಲೆಕ್ಕ ತಿಳೀತದೆ. ಮೊದಲ ಟರ್ಬೊ ಬದಲಿಸುವ ಹಿಂದಿನ ತಿಂಗಳು 6,000 ಕಿ.ಮೀ.ಗೆ 10 ಲೀಟರ್. ಬದಲಿಸಿದ ಮೇಲಿನ 47 ದಿನದಲ್ಲಿ 9,400 ಕಿ.ಮೀ.ಗೆ 16 ಲೀಟರ್. ಎರಡೂ ಕಡೆ 1000 ಕಿ.ಮೀ.ಗೆ ಸುಮಾರು 1.7 ಲೀಟರ್. ಅಂದರೆ 5,200 ದಿರ್ಹಂ ಕೊಟ್ಟು ಹೊಸ ಟರ್ಬೊ ಹಾಕಿದ ಮೇಲೂ ಆಯಿಲ್ ಹೋಗುವ ಲೆಕ್ಕ ಒಂದು ಚೂರೂ ಬದಲಾಗಿಲ್ಲ. ಹಾಗಾದರೆ ಆಯಿಲ್ ಕುಡಿಯುತ್ತಿದ್ದದ್ದು ಟರ್ಬೊ ಅಲ್ಲ, ಬೇರೆ ಯಾವುದೋ.

ಆಯಿಲ್ ಬರುವ ದಾರಿ

ಅದೇ ವಾರ ಇಂಡಸ್ಟ್ರಿಯಲ್ ಏರಿಯಾದ ಇನ್ನೊಂದು ಸಣ್ಣ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಒಬ್ಬರಲ್ಲಿಗೆ ಗಾಡಿ ತೆಗೆದುಕೊಂಡು ಹೋದೆವು. ಪೇಶಾವರ ಕಡೆಯವರು. ಎಲ್ಲರೂ ಉಸ್ತಾದ್ ಅಂತಲೇ ಕರೆಯುವುದು. ಅವರು ಮಾಡಿದ ಪರೀಕ್ಷೆಯನ್ನು ನಾನು ಪಕ್ಕದಲ್ಲಿ ನಿಂತು ನೋಡಿ ಬರೆದುಕೊಂಡೆ. ಆಮೇಲೆ ಬೇರೆಯವರಲ್ಲೂ ಕೇಳಿ, ಓದಿ ತಿಳಿದುಕೊಂಡೆ.

ಮೊದಲು ದಾರಿ ತಿಳಿಯಬೇಕು. ಗಾಳಿ ಏರ್ ಫಿಲ್ಟರಿನಿಂದ ಒಳಗೆ ಬಂದು ಟರ್ಬೊಕ್ಕೆ ಹೋಗ್ತದೆ. ಅಲ್ಲಿ ಒತ್ತಿಸಿಕೊಂಡು, ಇಂಟರ್‌ಕೂಲರಿನಲ್ಲಿ ತಣ್ಣಗಾಗಿ, ಇನ್‌ಟೇಕ್ ಮ್ಯಾನಿಫೋಲ್ಡ್ ಮೂಲಕ ಸಿಲಿಂಡರಿಗೆ ಇಳೀತದೆ. ಈ ದಾರಿಯಲ್ಲಿ ಆಯಿಲ್ಲಿಗೆ ಕೆಲಸವಿಲ್ಲ. ಆದರೂ ಹಳೇ ಎಂಜಿನ್ನುಗಳಲ್ಲಿ ಸ್ವಲ್ಪ ಬಂದೇ ಬರ್ತದೆ. ಯಾಕೆಂದರೆ ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸು ಕೆಳಗಿನ ಚೇಂಬರಿಗೆ, ಅಂದರೆ ಕ್ರ್ಯಾಂಕ್‌ಕೇಸಿಗೆ, ನುಗ್ಗುತ್ತದೆ. ಇದಕ್ಕೆ ಬ್ಲೋಬೈ ಅಂತಾರೆ. ಆ ಗ್ಯಾಸು ಹೊರಗೆ ಹೋಗಲು ಬ್ರೀದರ್ ಪೈಪ್ ಉಂಟು. ಬಹಳ ಎಂಜಿನ್ನುಗಳಲ್ಲಿ ಆ ಪೈಪನ್ನು ಟರ್ಬೊದ ಮುಂಚಿನ ಗಾಳಿ ಹೋಸಿಗೆ ಸೇರಿಸಿರ್ತಾರೆ. ಗ್ಯಾಸಿನ ಜೊತೆ ಆಯಿಲ್ ಮಂಜಿನ ಹಾಗೆ ಬರ್ತದೆ.

ಆದ್ದರಿಂದ ಹೋಸಿನ ಒಳಗೆ ಬೆರಳಾಡಿಸಿದಾಗ ತೆಳ್ಳಗೆ ಜಿಡ್ಡು ಹತ್ತಿದರೆ ಗಾಬರಿ ಬೇಡ. ಹೋಸಿನ ತಗ್ಗಿನಲ್ಲಿ ಆಯಿಲ್ ನಿಂತಿದ್ದರೆ, ಇಂಟರ್‌ಕೂಲರಿನ ಕೆಳಗಿಂದ ತೊಟ್ಟಿಕ್ಕುತ್ತಿದ್ದರೆ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ ಅದು ಕಾಯಿಲೆ.

ನಮ್ಮ ಲೆಕ್ಕದಲ್ಲಿ ಎರಡು ಕಡೆಯ ಮೊತ್ತ ಸರಿಹೊಂದದಿದ್ದರೆ ಕೊನೆಯ ಪುಟವನ್ನೇ ನೋಡುತ್ತಾ ಕೂರುವುದಿಲ್ಲ. ತಪ್ಪು ಮೊದಲು ಯಾವ ಪುಟದಲ್ಲಿ ನುಗ್ಗಿತು ಅಂತ ಹಿಂದಕ್ಕೆ ಹೋಗ್ತೇವೆ. ಉಸ್ತಾದ್ ಮಾಡಿದ್ದೂ ಅದೇ. ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದ್ದು ಕೊನೆಗೆ.

ಯಾವುದರ ನಂತರ ಯಾವುದು

ಒಂದು, ಆಯಿಲ್ ಮಟ್ಟ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಆಫ್ ಮಾಡಿ, ಆಯಿಲ್ ಕೆಳಗಿಳಿಯಲು ಹತ್ತು-ಹದಿನೈದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಬೇಕು. ಆಫ್ ಮಾಡಿದ ಕೂಡಲೇ ನೋಡಿದರೆ ಕಡಿಮೆ ತೋರಿಸ್ತದೆ, ನಾವು ಮೇಲೆ ಸುರೀತೇವೆ. ಮೇಲಿನ ಗುರುತು ದಾಟಿದರೆ ಆಯಿಲ್ ಚಿಮ್ಮಿ ಬ್ರೀದರಿಗೆ ಹೋಗ್ತದೆ. ನಾವು ಹಾಕದೆಯೇ ಮಟ್ಟ ಏರುತ್ತಿದ್ದರೆ ಡೀಸೆಲ್ ಬೆರೆಯುತ್ತಿರಬಹುದು. ಹಾಲು ಬೆರೆಸಿದ ಹಾಗೆ ಬಿಳುಪಾಗಿದ್ದರೆ ನೀರು ಸೇರಿದೆ. ಇವೆರಡರಲ್ಲಿ ಯಾವುದಾದರೂ ಗಾಡಿ ಓಡಿಸಬೇಡಿ, ತಿಳಿಸಿ.

ಎರಡು, ಏರ್ ಫಿಲ್ಟರ್. ಇಲ್ಲಿನ ಮರಳು, ಕ್ರಷರಿನ ಧೂಳು ನಿಮಗೆ ಹೊಸತಲ್ಲ. ಫಿಲ್ಟರ್ ಕಟ್ಟಿದರೆ ಟರ್ಬೊ ಬಲವಾಗಿ ಎಳೀತದೆ. ಗಾಳಿ ಸಾಲದಿದ್ದಾಗ ತನ್ನ ಸೀಲಿನ ಕಡೆಯಿಂದ ಆಯಿಲ್ಲನ್ನೇ ಎಳೆದುಕೊಳ್ತದೆ. ಫಿಲ್ಟರ್ ಡಬ್ಬಿಯ ಮೇಲೆ ಇಂಡಿಕೇಟರ್ ಇದ್ದರೆ ಕೆಂಪು ಬಂದಿದೆಯೋ ನೋಡಿ. ಫಿಲ್ಟರ್ ಹರಿದಿದ್ದರೆ ಇನ್ನೂ ಕೆಟ್ಟದ್ದು. ಧೂಳು ಒಳಗೆ ಹೋಗಿ ರಿಂಗು, ಲೈನರ್ ಎರಡನ್ನೂ ತಿಂದು ಹಾಕ್ತದೆ.

ಮೂರು, ಆಯಿಲ್ ಎಲ್ಲಿಂದ ಶುರುವಾಗಿದೆ. ಇದೇ ಮುಖ್ಯ. ಎಂಜಿನ್ ಆಫ್ ಆಗಿ, ತಣ್ಣಗಾದ ಮೇಲೆ ಮೆಕ್ಯಾನಿಕ್ ಹೋಸ್ ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡಿ. ಟರ್ಬೊಕ್ಕೆ ಗಾಳಿ ಹೋಗುವ ಬಾಯಿ ಒಣಗಿದ್ದು, ಹೊರಬರುವ ಕಡೆ ಮಾತ್ರ ಆಯಿಲ್ ಇದ್ದರೆ ಟರ್ಬೊದ ಮೇಲೆ ಅನುಮಾನ. ಟರ್ಬೊದ ಮುಂಚೆಯೇ, ಬ್ರೀದರ್ ಸೇರುವ ಜಾಗದಿಂದಲೇ ಒದ್ದೆಯಾಗಿದ್ದರೆ ಆಯಿಲ್ ಬರುತ್ತಿರುವುದು ಬ್ರೀದರಿನಿಂದ. ಟರ್ಬೊ ಅದನ್ನು ಮುಂದಕ್ಕೆ ತಳ್ತದೆ ಅಷ್ಟೆ.

ನಮ್ಮ ಟಿಪ್ಪರಿನಲ್ಲಿ ಉಸ್ತಾದ್ ಆ ಹೋಸ್ ಬಿಚ್ಚಿ ಬೆಳಕು ಹಿಡಿದರು. ಫಿಲ್ಟರಿನಿಂದ ಬ್ರೀದರ್ ಸೇರುವವರೆಗೆ ಬರೀ ಧೂಳಿನ ಬಣ್ಣ. ಅಲ್ಲಿಂದಾಚೆ ಕಪ್ಪು ಆಯಿಲ್. ಎರಡು ಟರ್ಬೊ ಬದಲಿಸಿದರೂ ಈ ಹೋಸಿನ ಒಳಗೆ ಯಾರೂ ನೋಡಿರಲಿಲ್ಲ.

ನಾಲ್ಕು, ಟರ್ಬೊದ ಶಾಫ್ಟ್. ನಿಂತ ಎಂಜಿನ್ನಿನಲ್ಲಿ ಶಾಫ್ಟನ್ನು ಬೆರಳಿನಿಂದ ಅಲ್ಲಾಡಿಸಿ ನೋಡ್ತಾರೆ. ಪಕ್ಕಕ್ಕೆ ಒಂದು ಚೂರು ಅಲ್ಲಾಡುವುದು ಸಹಜ. ಉದ್ದಕ್ಕೆ, ಅಂದರೆ ಮುಂದೆ-ಹಿಂದೆ, ಕೈಗೆ ಸಿಗುವಷ್ಟು ಆಡಿದರೆ, ಅಥವಾ ರೆಕ್ಕೆ ಒಳಗೋಡೆಗೆ ತಾಗಿ ಉಜ್ಜಿದ ಗುರುತಿದ್ದರೆ ಬೇರಿಂಗ್ ಹೋಗಿದೆ. ನಮ್ಮ ಗಾಡಿಯಿಂದ ಬಿಚ್ಚಿದ ಮೊದಲ ಟರ್ಬೊ ಗುಜರಿಗೆ ಹಾಕಲು ಸ್ಟೋರಿನಲ್ಲೇ ಬಿದ್ದಿತ್ತು. ತಂದು ಕೊಟ್ಟೆವು. ಉಸ್ತಾದ್ ತಿರುಗಿಸಿ ನೋಡಿ ನನ್ನ ಕೈಗೇ ಕೊಟ್ಟರು. ಸಲೀಸಾಗಿ ತಿರುಗಿತು. ಮುಂದೆ-ಹಿಂದೆ ಆಟವಿಲ್ಲ, ಉಜ್ಜಿದ ಗುರುತಿಲ್ಲ, ಸುಟ್ಟ ಕಲೆಯೂ ಇಲ್ಲ. ಸುಟ್ಟಿದೆ ಅಂತ 5,200 ದಿರ್ಹಂ ಬಿಲ್ಲಾದ ಟರ್ಬೊ ಅದು.

ಐದು, ಟರ್ಬೊದ ಡ್ರೈನ್ ಪೈಪ್. ಟರ್ಬೊಕ್ಕೆ ಆಯಿಲ್ ಒತ್ತಡದಲ್ಲಿ ಹೋಗ್ತದೆ, ವಾಪಸ್ ಬರುವುದು ಮಾತ್ರ ತನ್ನ ಭಾರಕ್ಕೆ ತಾನೇ ಇಳಿದು. ಆ ಪೈಪ್ ಮಡಚಿದ್ದರೆ, ಒಳಗೆ ಕರಿ ಕಟ್ಟಿದ್ದರೆ, ಅಥವಾ ಚೇಂಬರಿನಲ್ಲಿ ಒತ್ತಡ ಹೆಚ್ಚಿದ್ದರೆ ಆಯಿಲ್ ಇಳಿಯುವುದಿಲ್ಲ, ಸೀಲ್ ದಾಟಿ ಗಾಳಿ ದಾರಿಗೆ ಬರ್ತದೆ. ಆಗ ಹೊಸ ಟರ್ಬೊ ಹಾಕಿದರೂ ಅದೇ ಕಥೆ.

ಆರು, ಚೇಂಬರಿನ ಒತ್ತಡ. ಮೊದಲು ಬ್ರೀದರ್ ಪೈಪ್, ಅದರ ಫಿಲ್ಟರ್ ಅಥವಾ ಸೆಪರೇಟರ್ ಕಟ್ಟಿದೆಯೋ ನೋಡಬೇಕು. ಅದು ಸರಿ ಇದ್ದೂ ಬ್ರೀದರಿನಿಂದ ಗ್ಯಾಸು ಜೋರಾಗಿ ಬರುತ್ತಿದ್ದರೆ ಎಲ್ಲರೂ ಹೇಳುವುದು ‘ರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು’ ಅಂತ. ಟರ್ಬೊಕ್ಕಿಂತ ದೊಡ್ಡ ಬಿಲ್ಲು. ಆ ಮಾತು ನಿಜವೂ ಇರಬಹುದು. ಆದರೆ ಅದಕ್ಕೂ ಮೊದಲು ಒಂದು ಪರೀಕ್ಷೆ ಉಂಟು.

ಟ್ಯಾಂಕಿನ ಕಾಕ್

ಉಸ್ತಾದ್ ಡ್ರೈವರ್ ಅಣ್ಣನ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: “ಸಂಜೆ ಏರ್ ಟ್ಯಾಂಕ್ ಡ್ರೈನ್ ಮಾಡ್ತೀಯಲ್ಲ, ಏನು ಬರ್ತದೆ?”

“ನೀರಿನ ಕೂಡ ಆಯಿಲ್ ಬರಾಕತ್ತೈತ್ರಿ. ನಾಕ್ ತಿಂಗಳಾತು,” ಅಂದರು ಅಣ್ಣ. ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಮೊದಲ ಗ್ಯಾರೇಜಿನವರಿಗೆ ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ, “ಯಾರೂ ಕೇಳಲಿಲ್ಲಲ್ರಿ,” ಅಂದರು.

ಬ್ರೇಕಿಗೆ ಗಾಳಿ ತುಂಬುವ ಏರ್ ಕಂಪ್ರೆಸರ್ ಎಂಜಿನ್ನಿಗೇ ಅಂಟಿಕೊಂಡಿರ್ತದೆ. ಅದಕ್ಕೂ ಸಣ್ಣ ಪಿಸ್ಟನ್, ರಿಂಗ್ ಎಲ್ಲ ಉಂಟು, ಎಂಜಿನ್ನಿನ ಆಯಿಲ್ಲೇ ಅದಕ್ಕೂ ಹೋಗ್ತದೆ. ಅದರ ರಿಂಗ್ ಸವೆದರೆ ಎರಡು ತೊಂದರೆ. ಗಾಳಿಯ ಜೊತೆ ಆಯಿಲ್ ಟ್ಯಾಂಕಿಗೆ ಹೋಗ್ತದೆ. ಒತ್ತಿದ ಗಾಳಿ ಕೆಳಗೆ ಜಾರಿ ಎಂಜಿನ್ ಚೇಂಬರಿಗೆ ನುಗ್ಗುತ್ತದೆ. ಚೇಂಬರಿನ ಒತ್ತಡ ಏರಿ ಬ್ರೀದರಿನಿಂದ ಆಯಿಲ್ ಮಂಜು ಜೋರಾಗಿ ಹೊರಡ್ತದೆ. ಎಂಜಿನ್ ರಿಂಗಿನದ್ದೇ ತಪ್ಪು ಅನ್ನುವ ಹಾಗೆ ಕಾಣ್ತದೆ.

ಎರಡನ್ನೂ ಬೇರೆ ಮಾಡುವುದು ಹೇಗೆ? ಗಾಳಿ ಗೇಜ್ ತುಂಬಿದ ಮೇಲೆ ‘ಟುಸ್’ ಅಂತ ಶಬ್ದ ಬರ್ತದಲ್ಲ, ಆಗ ಕಂಪ್ರೆಸರ್ ಗಾಳಿ ಒತ್ತುವುದನ್ನು ನಿಲ್ಲಿಸಿ ಸುಮ್ಮನೆ ತಿರುಗ್ತದೆ. ಉಸ್ತಾದ್ ಬ್ರೀದರ್ ಪೈಪನ್ನು ಬಿಡಿಸಿ ಇಟ್ಟು, ಗಾಡಿಯ ಚಕ್ರಕ್ಕೆ ಅಡ್ಡ ಕೊಟ್ಟು, ಎಂಜಿನ್ ಸ್ಟಾರ್ಟ್ ಮಾಡಿಸಿದರು. ಗಾಳಿ ತುಂಬುತ್ತಿರುವಾಗ ಬ್ರೀದರಿನಿಂದ ಹೊಗೆ ಭುಸುಭುಸು. ಗೇಜ್ ತುಂಬಿತು, ಟುಸ್ ಅಂತು, ಹೊಗೆ ತಟ್ಟನೆ ಇಳಿಯಿತು. ಡ್ರೈವರ್ ನಾಲ್ಕಾರು ಸಲ ಬ್ರೇಕ್ ತುಳಿದು ಗಾಳಿ ಇಳಿಸಿದರು. ಕಂಪ್ರೆಸರ್ ಮತ್ತೆ ಒತ್ತಲು ಶುರು ಮಾಡಿದ ಕೂಡಲೇ ಮತ್ತೆ ಭುಸುಭುಸು. ಮೂರು ಸಲ ಹೀಗೇ ಮಾಡಿ ತೋರಿಸಿದರು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಚೇಂಬರಿನ ಒತ್ತಡ ಅಳೆದಾಗಲೂ ನೀರಿನ ಮಟ್ಟ ಅದೇ ರೀತಿ ಏರಿ ಇಳಿಯಿತು. ಎಷ್ಟಿದ್ದರೆ ಹೆಚ್ಚು ಎನ್ನುವುದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಕಂಪೆನಿಯ ಪುಸ್ತಕ ನೋಡಬೇಕು. ಕಂಪ್ರೆಸರ್ ಸುಮ್ಮನಿದ್ದಾಗಲೂ ಹೊಗೆ ಇಳಿಯದೆ ಇದ್ದಿದ್ದರೆ ಆಗ ರಿಂಗ್, ಲೈನರ್. ಕಂಪ್ರೆಶನ್ ಪರೀಕ್ಷೆ ಮಾಡಿ, ಸಿಲಿಂಡರ್ ಗಾಳಿ ಬಿಡುತ್ತಿದೆಯೋ ನೋಡಿ, ಖಾತ್ರಿಯಾದ ಮೇಲೆಯೇ ಎಂಜಿನ್ ಬಿಚ್ಚಬೇಕು.

ಕಂಪ್ರೆಸರ್ ರಿಪೇರಿ, ಹೋಸು-ಇಂಟರ್‌ಕೂಲರ್ ತೊಳೆದದ್ದು ಎಲ್ಲ ಸೇರಿ 950 ದಿರ್ಹಂ. ಮುಂದಿನ 11,000 ಕಿ.ಮೀ.ಗೆ ಆ ಗಾಡಿ ಕುಡಿದದ್ದು 3 ಲೀಟರ್ ಆಯಿಲ್. ಡೈರಿಯಲ್ಲಿ ಉಂಟು.

ಇಂಟರ್‌ಕೂಲರ್ ತೊಳೆಯುವುದನ್ನು ಮರೆಯಬಾರದು. ಒಳಗೆ ಹಳೇ ಆಯಿಲ್ ಉಳಿದರೆ, ರಿಪೇರಿ ಆಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯವೂ ಉಂಟು.

ಜೀವದ ಮಾತು

ಡೀಸೆಲ್ ಎಂಜಿನ್ನಿಗೆ ಎಂಜಿನ್ ಆಯಿಲ್ಲೂ ಇಂಧನವೇ. ಗಾಳಿ ಪೈಪಿನಲ್ಲಿ ಆಯಿಲ್ ಬಹಳ ನಿಂತು ಒಮ್ಮೆಲೇ ಒಳಗೆ ಹೋದರೆ ಎಂಜಿನ್ ತಾನಾಗಿಯೇ ರೇಸ್ ಆಗ್ತದೆ. ಕೀ ತಿರುಗಿಸಿದರೂ ನಿಲ್ಲುವುದಿಲ್ಲ, ಯಾಕೆಂದರೆ ಕೀ ನಿಲ್ಲಿಸುವುದು ಡೀಸೆಲನ್ನು, ಆಯಿಲ್ಲನ್ನಲ್ಲ. ಕೈಗೇರ್ ಗಾಡಿಯಾಗಿದ್ದು, ನೀವು ಸೀಟಿನಲ್ಲೇ ಇದ್ದು, ಮುಂದೆ ಜನ ಇಲ್ಲದಿದ್ದರೆ ಹ್ಯಾಂಡ್‌ಬ್ರೇಕ್ ಹಾಕಿ, ಕಾಲಿನ ಬ್ರೇಕ್ ಗಟ್ಟಿಯಾಗಿ ತುಳಿದು, ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಡಿ. ಎಂಜಿನ್ ಉಸಿರುಗಟ್ಟಿ ನಿಲ್ತದೆ. ಆಗದಿದ್ದರೆ ದೂರ ಹೋಗಿ. ಗಾಳಿ ಪೈಪಿನ ಬಾಯಿಗೆ ಕೈ ಅಡ್ಡ ಇಡಬೇಡಿ, ಬಟ್ಟೆ ತುರುಕಬೇಡಿ. ಗಾಡಿ ಹೋದರೆ ಇನ್ನೊಂದು ಬರ್ತದೆ.

ಇನ್ನೂ ಒಂದು. ಬಿಸಿ ಎಂಜಿನ್ ಆಫ್ ಮಾಡಿದರೆ ಟರ್ಬೊ ಸುಡ್ತದೆ ಅಂತ ಆ ಗ್ಯಾರೇಜಿನವರು ಹೇಳಿದ ಮಾತು ಸುಳ್ಳಲ್ಲ. ನಮ್ಮ ಅಣ್ಣನ ವಿಷಯದಲ್ಲಿ ಮಾತ್ರ ಅದು ಸುಳ್ಳಾಗಿತ್ತು. ಲೋಡಿನಲ್ಲಿ ಬಂದ ಮೇಲೆ ಎರಡು-ಮೂರು ನಿಮಿಷ ಐಡಲಿನಲ್ಲಿ ಬಿಟ್ಟೇ ಆಫ್ ಮಾಡಿ.

ಸಂಬಳದ ಲೆಕ್ಕ

650 ದಿರ್ಹಂಗೆ ಬರ್ತೇನೆ. ಯುಎಇಯಲ್ಲಿ ಖಾಸಗಿ ಕಂಪೆನಿಗಳಿಗೆ ಅನ್ವಯಿಸುವ ಕಾರ್ಮಿಕ ಕಾನೂನು 2021ರ 33ನೇ ನಂಬರಿನದ್ದು. 2022ರ ಫೆಬ್ರವರಿಯಿಂದ ಜಾರಿಯಲ್ಲಿ ಉಂಟು. ಅದರ 25ನೇ ವಿಧಿ ಸಂಬಳದಿಂದ ಯಾವುದಕ್ಕೆಲ್ಲ ಹಣ ಹಿಡಿಯಬಹುದು ಅಂತ ಹೇಳ್ತದೆ. ಕಂಪೆನಿಯ ಯಂತ್ರ, ಸಾಮಾನು ಹಾಳಾದದ್ದಕ್ಕೆ ಹಿಡಿಯಬೇಕಾದರೆ ಅದು ಕಾರ್ಮಿಕನ ತಪ್ಪಿನಿಂದ ಅಥವಾ ಅವನು ಸೂಚನೆ ಮೀರಿದ್ದರಿಂದ ಆಗಿರಬೇಕು. ಹಿಡಿದರೂ ತಿಂಗಳಿಗೆ ಐದು ದಿನದ ಸಂಬಳಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಬೇರೆ ಬೇರೆ ಕಾರಣ ಎಲ್ಲ ಸೇರಿದರೂ ಸಂಬಳದ ಅರ್ಧ ದಾಟುವಂತಿಲ್ಲ.

2,400 ಸಂಬಳಕ್ಕೆ ದಿನಕ್ಕೆ 80, ಐದು ದಿನಕ್ಕೆ 400. ನಾನು ಹಿಡಿದದ್ದು 650. ಅಂದರೆ ಅವರ ತಪ್ಪೇ ಆಗಿದ್ದರೂ ಆ ಲೆಕ್ಕ ತಪ್ಪು. ಬಿ.ಕಾಂ. ಓದಿ, ದಿನಾ ಸಂಬಳದ ಪಟ್ಟಿ ಮಾಡುವ ನಾನು ಆ ವಿಧಿಯನ್ನು ತೆರೆದು ಓದಿದ್ದು ಹಣ ಹಿಡಿದ ಮೇಲೆ.

ಒಂದು ಪುಟದ ಟಿಪ್ಪಣಿ ಬರೆದೆ. ಡೈರಿಯ ಲೆಕ್ಕ, ಹೋಸಿನ ಫೋಟೊ, ಉಸ್ತಾದ್ ಬರೆದುಕೊಟ್ಟ ಚೀಟಿ, 25ನೇ ವಿಧಿಯ ಮಾತು. ಮ್ಯಾನೇಜರ್ ಎರಡು ಸಲ ಓದಿದರು. ಏನೂ ಹೇಳಲಿಲ್ಲ. ಮುಂದಿನ ಸಂಬಳದಲ್ಲಿ 650 ವಾಪಸ್ ಹಾಕು ಅಂದರು. ಉಳಿದ ಐದು ಕಂತು ರದ್ದಾಯಿತು. ಎಲ್ಲ ಕಡೆ ಇಷ್ಟು ಸುಲಭವಾಗಿ ಆಗ್ತದೆ ಅಂತ ನಾನು ಹೇಳುವುದಿಲ್ಲ. ಆಗದಿದ್ದರೆ ಮಾನವ ಸಂಪನ್ಮೂಲ ಮತ್ತು ಎಮಿರೇಟೀಕರಣ ಸಚಿವಾಲಯಕ್ಕೆ ದೂರು ಕೊಡಬಹುದು. ಸೌದಿ, ಕತಾರ್, ಒಮಾನ್, ಕುವೈತ್, ಬಹರೈನ್‌ನಲ್ಲಿ ಇರುವವರಿಗೆ ಕಾನೂನು ಬೇರೆ. ಅಲ್ಲಿಯದ್ದನ್ನು ಅಲ್ಲಿಯೇ ವಿಚಾರಿಸಿ.

ನೀವು ಮಾಡಬೇಕಾದ್ದು

ಒಂದು ಡೈರಿ ಇಡಿ. ತಾರೀಕು, ಕಿಲೋಮೀಟರ್, ಹಾಕಿದ ಆಯಿಲ್ ಎಷ್ಟು ಲೀಟರ್, ಏರ್ ಫಿಲ್ಟರ್ ಬದಲಿಸಿದ ದಿನ, ಟ್ಯಾಂಕ್ ಡ್ರೈನ್ ಮಾಡಿದಾಗ ಏನು ಬಂತು. ಕನ್ನಡದಲ್ಲೇ ಬರೆಯಿರಿ, ಸಾಕು. ಅಂಕಿ ಎಲ್ಲರಿಗೂ ಅರ್ಥವಾಗ್ತದೆ.

ಹೊಸತಾಗಿ ಏನಾದರೂ ಕಂಡರೆ ಬಾಯಲ್ಲಿ ಹೇಳಿ ಬಿಡಬೇಡಿ. ವಾಟ್ಸಾಪಿನಲ್ಲಿ ಫೋಟೊ ಹಾಕಿ, ಗಾಡಿ ನಂಬರ್ ಹಾಕಿ, ಸೂಪರ್‌ವೈಸರಿಗೆ ಕಳಿಸಿ. ತಾರೀಕು ತಾನೇ ಉಳೀತದೆ.

‘ಟರ್ಬೊ ಹೋಗಿದೆ’ ಅಂದರೆ ಮರ್ಯಾದೆಯಿಂದಲೇ ಎರಡು ಪ್ರಶ್ನೆ ಕೇಳಿ. ಟರ್ಬೊದ ಮುಂಚಿನ ಹೋಸ್ ಒಣಗಿದೆಯಾ, ಒದ್ದೆಯಾ? ಶಾಫ್ಟ್ ಮುಂದೆ-ಹಿಂದೆ ಆಡುತ್ತದಾ? ಬಿಚ್ಚಿದ ಹಳೇ ಪಾರ್ಟನ್ನು ಇಟ್ಟುಕೊಳ್ಳಲು ಆಫೀಸಿಗೆ ಹೇಳಿ.

ಅರ್ಥವಾಗದ ಭಾಷೆಯ ಕಾಗದಕ್ಕೆ, ‘ತಪ್ಪು ನನ್ನದು’ ಅನ್ನುವ ಕಾಗದಕ್ಕೆ, ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಓದಿ ಹೇಳಲು ನಾವು ಇದ್ದೇವೆ.

ಆಫೀಸಿನಲ್ಲಿ ಕೂರುವ ನನ್ನಂಥವರು ಯಾರಾದರೂ ಇಲ್ಲಿದ್ದರೆ ಅವರಿಗೊಂದು ಮಾತು. ಸಂಬಳದಲ್ಲಿ ಹಣ ಹಿಡಿ ಅಂತ ಹೇಳಿದಾಗ, ಹೊಡೆಯುವ ಮೊದಲು ‘ಯಾವ ಆಧಾರದ ಮೇಲೆ?’ ಅಂತ ಒಂದು ಸಲ ಕೇಳಿ. ನಾನು ಕೇಳಿದ್ದರೆ ಆ ತಿಂಗಳು ಹಾವೇರಿಗೆ ಹೋಗುವ ಹಣದಲ್ಲಿ 650 ದಿರ್ಹಂ ಕಡಿಮೆ ಆಗುತ್ತಿರಲಿಲ್ಲ.

ಆ ಅಣ್ಣ ಈಗಲೂ ಅದೇ ಗಾಡಿ ಓಡಿಸ್ತಾರೆ. ಡೈರಿ ತುಂಬಿತು ಅಂತ ಮೊನ್ನೆ ಆಫೀಸಿಗೆ ಬಂದಿದ್ದರು. ಸ್ಟೇಷನರಿ ಖರ್ಚಿನಲ್ಲಿ ಹೊಸದೊಂದು ಕೊಡಿಸಿದೆ. ಇವತ್ತು ಬಾಗಿಲ ಹತ್ತಿರದ ಮೇಜಿನ ಮೇಲೆ ಅಂಥದ್ದೇ ಡೈರಿಗಳನ್ನು ಇಟ್ಟಿದ್ದೇವೆ. ಹೋಗುವಾಗ ಒಬ್ಬೊಬ್ಬರು ಒಂದೊಂದು ತೆಗೆದುಕೊಳ್ಳಿ.